ಹದಿಮೂರನೇ ಸೀಟು

ಜುಲೈ 3, ಸೋಮವಾರ

ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಮೇಲೆ ಈಗ ನನಗೇ ಪಾಠ ಶುರುವಾಗಿದೆ. ವಿಷಯ: ತರಗತಿಯಲ್ಲಿ ಮಕ್ಕಳನ್ನು ಭೇದಭಾವವಿಲ್ಲದೆ ಕಾಣುವುದು ಹೇಗೆ. ಐದು ವಾರ, ಹಾಜರಿ ಕಡ್ಡಾಯ, ಕೊನೆಗೆ ಪ್ರಮಾಣಪತ್ರ.

ಸ್ಟಾಫ್ ರೂಮಿಗೆ ಬಂದು ಇದನ್ನು ಓದಿ ಹೇಳಿದವರು ಹೆಡ್‌ಮಾಸ್ಟರು. ಈ ಪುಸ್ತಕದಲ್ಲಿ ಅವರ ಹೆಸರು ಸುತ್ತೋಲೆ. ಅವರು ಮಾತಾಡುವುದಿಲ್ಲ, ಹೊರಡಿಸುತ್ತಾರೆ. ಮನೆಯಲ್ಲಿ ಕಾಫಿ ಬೇಕಾದರೂ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದೇ ಕೇಳುತ್ತಿರಬೇಕು. ಅವರ ಬೆನ್ನಿಗೆ ತರಬೇತಿ ಕೊಡುವವಳು ನಿಂತಿದ್ದಳು. ಮೂವತ್ತು ದಾಟಿರದ ಹುಡುಗಿ, ಕೈಯಲ್ಲಿ ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟು. ಒಬ್ಬೊಬ್ಬರಿಗೂ ಒಂದೊಂದು ಹಳದಿ ಚೀಟಿ ಹಂಚಿ, "ನಿಮ್ಮೊಳಗೆ ಇರೋ ಒಂದು ಪೂರ್ವಗ್ರಹ ಬರೀರಿ" ಎಂದಳು. ನಾನು "ಅಂಟುಚೀಟಿ" ಎಂದು ಬರೆದು ಕೊಟ್ಟೆ. ಓದಿ ನಕ್ಕಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇನ್ನು ಮೇಲೆ ಇವಳು ಚೀಟಿಯಮ್ಮ.

ನನ್ನ ಕಣ್ಣಿಗೆ ಎಲ್ಲ ಮಕ್ಕಳೂ ಒಂದೇ. ಲೆಕ್ಕ ಬರುವವರು, ಲೆಕ್ಕ ಬಾರದವರು. ಮೂರನೇ ಬಗೆ ನನಗೆ ಗೊತ್ತಿಲ್ಲ.

ಇದೇ ಐದು ವಾರದಲ್ಲಿ ನನಗೆ ನಿಜವಾದ ಕೆಲಸ ಬೇರೆ ಇದೆ. ಎಂಟನೇ ತರಗತಿಯ ನಲವತ್ತಮೂರು ಮಕ್ಕಳಲ್ಲಿ ಹನ್ನೆರಡು ಮಂದಿಯನ್ನು ವಿಶೇಷ ಗಣಿತ ವಿಭಾಗಕ್ಕೆ ಆರಿಸಬೇಕು. ಎರಡು ಪರೀಕ್ಷೆ ಮಾಡಿ, ಎರಡರ ಅಂಕ ಕೂಡಿಸಿ ಪಟ್ಟಿ. ಪಟ್ಟಿಯಲ್ಲಿ ಬಂದವರಿಗೆ ಮೇಲಿನ ಗಣಿತ, ಆಮೇಲೆ ವಿಜ್ಞಾನದ ಕಾಲೇಜು. ಬಾರದವರು ಲಾಭನಷ್ಟದ ಲೆಕ್ಕದಲ್ಲೇ ಶಾಲೆ ಮುಗಿಸುತ್ತಾರೆ, ಆ ಬಾಗಿಲು ಅವರಿಗೆ ಮತ್ತೆ ತೆರೆಯುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಪಟ್ಟಿಯ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆಂದಿಲ್ಲ.

ಜುಲೈ 5, ಬುಧವಾರ

ಇವತ್ತು ಸಭಾಂಗಣದಲ್ಲಿ ಹೆಜ್ಜೆಯಾಟ. ಶಿಕ್ಷಕರೆಲ್ಲ ಒಂದು ಗೆರೆಯ ಮೇಲೆ ನಿಲ್ಲಬೇಕು. ಚಿಕ್ಕಂದಿನಲ್ಲಿ ಓದಲು ಸ್ವಂತ ಮೇಜು ಇದ್ದವರು ಒಂದು ಹೆಜ್ಜೆ ಮುಂದೆ. ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋದವರು ಒಂದು ಹೆಜ್ಜೆ ಹಿಂದೆ. ಹೀಗೇ ಇಪ್ಪತ್ತು ಸಲ. ಇಂಗ್ಲಿಷ್ ಟೀಚರು ಮುಂದೆ ಮುಂದೆ ಹೋಗಿ ವೇದಿಕೆಗೆ ಮೂಗು ತಾಗಿಸಿದಳು. ಡ್ರಾಯಿಂಗ್ ಮೇಷ್ಟ್ರು ಹಿಂದೆ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತರು. ಐವತ್ತು ವರ್ಷದ ಮನುಷ್ಯನ ಬಾಲ್ಯದ ಹಸಿವನ್ನು ಹೀಗೆ ಹತ್ತು ಜನರ ಮುಂದೆ ಟೇಪು ಹಿಡಿದು ಅಳೆದು ಇವಳು ಕಡಿದು ಕಟ್ಟೆ ಹಾಕಿದ್ದೇನು? ಮೇಷ್ಟ್ರು ಮಧ್ಯಾಹ್ನ ಊಟಕ್ಕೆ ಸ್ಟಾಫ್ ರೂಮಿಗೆ ಬರಲಿಲ್ಲ.

ನಾನು ಮಂಡಿನೋವು ಎಂದು ಕುರ್ಚಿ ಹಿಡಿದೆ. ಆಡಿದ್ದರೆ ನಾನೂ ಅದೇ ಗೋಡೆಯ ಹತ್ತಿರ ಇರುತ್ತಿದ್ದೆ. ಅದು ಯಾರ ಉಸಾಬರಿಯೂ ಅಲ್ಲ. ನಾನು ಮೇಲೆ ಬಂದಿದ್ದು ಉತ್ತರ ಸರಿ ಬರೆದು, ಯಾರೋ ಕನಿಕರಪಟ್ಟಿದ್ದಕ್ಕಲ್ಲ.

ಜುಲೈ 9, ಭಾನುವಾರ

ಮೊದಲ ಪರೀಕ್ಷೆಯ ಪತ್ರಿಕೆ ತಿದ್ದಿ ಮುಗಿಸಿದೆ. ನಲವತ್ತಮೂರು ಪತ್ರಿಕೆ, ಮೂರು ಗಂಟೆ. ಹೊಸ ಟೀಚರುಗಳು ಇಷ್ಟಕ್ಕೆ ಎರಡು ದಿನ ತಿಣುಕುತ್ತಾರೆ, ಯಾಕೆಂದರೆ ಅವರು ಮೊದಲು ಮಾದರಿ ಉತ್ತರ ಬರೆದುಕೊಂಡು ಕೂರುತ್ತಾರೆ. ನನಗೆ ಆ ರಗಳೆ ಇಲ್ಲ. ಕಟ್ಟಿನಿಂದ ಮೊದಲು, ಯಾವಾಗಲೂ ಮೊದಲ ರ್‍ಯಾಂಕು ಬರುವ ಡಾಕ್ಟರ ಮಗಳ ಪತ್ರಿಕೆಯನ್ನು ಎಳೆದು ಎಡಗಡೆ ಇಟ್ಟುಕೊಳ್ಳುತ್ತೇನೆ. ಉಳಿದವನ್ನು ಅದರ ಪಕ್ಕದಲ್ಲಿ ಹಿಡಿದು ಸರ್ರನೆ ಗೀಚುತ್ತಾ ಹೋಗುತ್ತೇನೆ. ಪ್ರತಿ ವರ್ಷ ಇಂಥ ಒಂದು ಮಗು ಸಿಕ್ಕೇ ಸಿಗುತ್ತದೆ, ಮುದ್ದಾದ ಅಕ್ಷರ, ಉತ್ತರದ ಕೆಳಗೆ ಎರಡು ಗೆರೆ. ಮೂರನೇ ಲೆಕ್ಕದಲ್ಲಿ ಎರಡು ಹಂತ ಹಾರಿಬಿಟ್ಟಿದ್ದಾಳೆ. ಜಾಣೆ, ಮನಸ್ಸಿನಲ್ಲೇ ಮಾಡಿಕೊಂಡಿದ್ದಾಳೆ. ಪೂರ್ತಿ ಅಂಕ.

ಏಳನೆಯದು ಸೈಕಲ್ ಲೆಕ್ಕ. ಒಬ್ಬ ಗಂಟೆಗೆ ಹತ್ತು ಕಿಲೋಮೀಟರಿನಂತೆ ಗುಡ್ಡ ಹತ್ತುತ್ತಾನೆ, ಅದೇ ದಾರಿಯಲ್ಲಿ ಹದಿನೈದರಂತೆ ಇಳಿಯುತ್ತಾನೆ. ಒಟ್ಟು ಸರಾಸರಿ ವೇಗ ಎಷ್ಟು? ಡಾಕ್ಟರ ಮಗಳದ್ದು ಹನ್ನೆರಡೂವರೆ. ಹೆಚ್ಚುಕಡಿಮೆ ಎಲ್ಲರದ್ದೂ ಅದೇ. ಗೋಡೆ ಪಕ್ಕದ ಸಾಲಿನವಳು ಮಾತ್ರ ಒಂದು ಸಾಲು ಗೀಚಿ "12" ಎಂದು ಬರೆದಿದ್ದಾಳೆ. ದಾರಿಯೂ ಇಲ್ಲ ಬುಡವೂ ಇಲ್ಲ. ಅರ್ಧ ಎಲ್ಲಿ ಹೋಯಿತು? ಇವಳ ತಾಯಿ ನಮ್ಮ ಶಾಲೆಯಲ್ಲೇ ನೆಲ ಗುಡಿಸಿ ತೊಳೆಯುವವಳು. ಅರ್ಧವನ್ನೂ ಕಸದ ಜೊತೆ ಗುಡಿಸಿ ಹಾಕುವುದು ಮನೆಯ ಅಭ್ಯಾಸವಿರಬೇಕು. ಐದಕ್ಕೆ ಸೊನ್ನೆ.

ಜುಲೈ 10, ಸೋಮವಾರ

ಪತ್ರಿಕೆ ಹಂಚಿದೆ. ಡಾಕ್ಟರ ಮಗಳನ್ನು ಕರೆದು ಎಲ್ಲ ಲೆಕ್ಕಗಳ ಸರಿಯುತ್ತರ ಬೋರ್ಡಿನ ಮೇಲೆ ಬರೆಸಿದೆ, ಉಳಿದವರು ನಕಲು ಮಾಡಿಕೊಂಡರು. ಅಷ್ಟರಲ್ಲಿ ಗೋಡೆ ಪಕ್ಕದವಳು ಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು.

"ಮಿಸ್, ಏಳನೇದು... ನಂದು ಸರಿ ಇದೆ ಅನ್ಸತ್ತೆ."

"ಓಹೋ! ಇಡೀ ಕ್ಲಾಸು ತಪ್ಪು, ನೀನೊಬ್ಬಳೇ ಸರಿನಾ?"

"ಅಲ್ಲ ಮಿಸ್, ಹತ್ತೋವಾಗ ಜಾಸ್ತಿ ಹೊತ್ತು..."

"ಮಾಡಿರೋ ದಾರಿ ಎಲ್ಲಮ್ಮ? ಸುಮ್ನೆ ಹನ್ನೆರಡು ಅಂತ ಬರ್ದಿದ್ದೀಯ. ಸೈಕಲ್ಲು ಬಂದು ನಿನ್ನ ಕಿವೀಲಿ ಹೇಳ್ತಾ?"

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳು ಹಾಗೆ ನಗುವುದು ಅಪರೂಪ. ಅವಳು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೋಗಿ ಕೂತಳು.

ಮನೆಗೆ ಬಂದು ನಮ್ಮವರಿಗೆ ಇದನ್ನು ಹೇಳಿದೆ. ಅವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು, ನಗು ಬಂದರೂ ಮೊದಲು ಅಲ್ಪವಿರಾಮ ಎಲ್ಲಿದೆ ಎಂದು ನೋಡುವ ಜಾತಿ. "ಅವಳ ಲೆಕ್ಕ ನೋಡಿದ್ಯಾ?" ಎಂದರು. ಅದರಲ್ಲಿ ನೋಡುವುದೇನಿದೆ?

ಜುಲೈ 14, ಶುಕ್ರವಾರ

ಚೀಟಿಯಮ್ಮ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಏನೋ ಗುರುತು ಹಾಕಿಕೊಳ್ಳುತ್ತಿದ್ದಳು. ಪೀರಿಯಡ್ಡು ಮುಗಿದ ಮೇಲೆ ಒಂದು ಹಾಳೆ ತೋರಿಸಿದಳು. ಬೆಂಚುಗಳ ನಕ್ಷೆ. ನಾನು ಯಾವ ಮಗುವನ್ನು ಮಾತಾಡಿಸಿದರೂ ಆ ಜಾಗದಲ್ಲಿ ಒಂದು ಚುಕ್ಕೆ. ಒಟ್ಟು ಮೂವತ್ತೆಂಟು. ಮುಂದಿನ ಎರಡು ಬೆಂಚುಗಳಿಗೆ ಇಪ್ಪತ್ತೇಳು, ನಡುವಿನವರಿಗೆ ಹತ್ತು, ಗೋಡೆ ಸಾಲಿಗೆ ಒಂದು.

"ಆ ಒಂದು ಏನು ಗೊತ್ತಾ ಮೇಡಂ? ಲೈಟ್ ಸ್ವಿಚ್ ಹಾಕಮ್ಮ ಅಂದ್ರಿ."

ಸ್ವಿಚ್ಚು ಇರುವುದೇ ಗೋಡೆಯಲ್ಲಿ. ಮುಂದಿನ ಬೆಂಚಿನವರು ಎದ್ದು ಹೋಗಿ ಹಾಕಬೇಕಿತ್ತೇ? ಹಾಗೆಯೇ ಕೇಳಿದೆ. ಅವಳು ವಾದಿಸಲಿಲ್ಲ, ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ಚುಕ್ಕೆ ಎಣಿಸುವುದಕ್ಕೂ ಒಂದು ಪದವಿ, ಅದಕ್ಕೊಂದು ಕೆಲಸ, ಅದಕ್ಕೊಂದು ಗುರುತಿನ ಚೀಟಿ!

ಜುಲೈ 17, ಸೋಮವಾರ

ಇವತ್ತು ಬೇಕೆಂದೇ ಗೋಡೆ ಸಾಲಿಗೆ ಆರು ಪ್ರಶ್ನೆ ಕೇಳಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಗುಡಿಸುವವಳ ಮಗಳು ಎದ್ದು ನಿಂತು ತನ್ನ ಪಾದ ನೋಡಿಕೊಂಡಳು. ಕೇಳಿದ್ದೂ ಆಯಿತು, ಕೇಳದೇ ಇದ್ದದ್ದು ಯಾಕೆಂದು ಗೊತ್ತೂ ಆಯಿತು.

ಜುಲೈ 20, ಗುರುವಾರ

ಎರಡನೇ ಪರೀಕ್ಷೆ ಮುಗಿಯಿತು. ಪ್ರಶ್ನೆಗಳಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಮೊದಲ ಪರೀಕ್ಷೆಯ ಲೆಕ್ಕಗಳಲ್ಲೇ ಅಂಕಿಗಳನ್ನು ಬದಲಿಸಿದೆ. ಸೈಕಲ್ಲಿನ ಬದಲು ಲಾರಿ.

ಸ್ಟಾಫ್ ರೂಮಿನಲ್ಲಿ ಚೀಟಿಯಮ್ಮನ ಹೊಸ ವರಸೆ: ಪತ್ರಿಕೆಯ ಮೂಲೆಯಲ್ಲಿರುವ ಹೆಸರನ್ನು ಮಡಚಿ ಪಿನ್ ಹೊಡೆದು, ಕಟ್ಟನ್ನು ಕಲಸಿ, ಯಾರದ್ದೆಂದು ಗೊತ್ತಿಲ್ಲದೆ ತಿದ್ದಬೇಕಂತೆ. ಅದಕ್ಕಿಂತ ಮೊದಲು ಮಾದರಿ ಉತ್ತರ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಬೇಕಂತೆ.

"ನನಗೆ ಮಕ್ಕಳ ಅಕ್ಷರ ನೋಡಿದ್ರೇ ಗೊತ್ತಾಗತ್ತಮ್ಮ, ಮೂಲೆ ಮಡಚಿ ಏನು ಪ್ರಯೋಜನ?"

"ಎಲ್ಲ ಮಕ್ಕಳದ್ದೂ ಗೊತ್ತಾಗತ್ತಾ ಮೇಡಂ?"

"ನೀವು ಹೇಳಿದ ಹಾಗೇ ತಿದ್ತೀನಿ. ಒಂದೇ ಒಂದು ಅಂಕ ಆಚೀಚೆ ಆದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ, ಆಯ್ತಾ?"

ಇಂಗ್ಲಿಷ್ ಟೀಚರು ಚಪ್ಪಾಳೆ ತಟ್ಟಿದಳು. ಡ್ರಾಯಿಂಗ್ ಮೇಷ್ಟ್ರು, "ಹೊಸ ಹೆಸರು ನಾನು ಬೋರ್ಡ್ ಮೇಲೆ ಚೆಂದ ಬರ್ದು ಕೊಡ್ತೀನಿ ಬಿಡಿ" ಎಂದರು. ಹೆಜ್ಜೆಯಾಟದ ದಿನದಿಂದ ಅವರು ಬಾಯಿ ಬಿಟ್ಟದ್ದು ಇವತ್ತೇ.

ಜುಲೈ 23, ಭಾನುವಾರ

ಬೆಳಿಗ್ಗೆ ತಿಂಡಿ ಮುಗಿಸಿ ಮಾದರಿ ಉತ್ತರ ಬರೆಯಲು ಕೂತೆ. ಆರು ಲೆಕ್ಕ ಹತ್ತು ನಿಮಿಷದಲ್ಲಿ ಮುಗಿದವು. ಏಳನೆಯದು ಲಾರಿ. ಸರಕು ತುಂಬಿಕೊಂಡು ಗಂಟೆಗೆ ನಲವತ್ತರಂತೆ ಹೋಗುತ್ತದೆ, ಖಾಲಿಯಾಗಿ ಅರವತ್ತರಂತೆ ವಾಪಸು ಬರುತ್ತದೆ. ದೂರ ನೂರ ಇಪ್ಪತ್ತು ಕಿಲೋಮೀಟರ್ ಎಂದು ಇಟ್ಟುಕೊಂಡೆ. ಹೋಗಲು ಮೂರು ಗಂಟೆ, ಬರಲು ಎರಡು. ಐದು ಗಂಟೆಯಲ್ಲಿ ಇನ್ನೂರ ನಲವತ್ತು. ಗಂಟೆಗೆ ನಲವತ್ತೆಂಟು.

ಪೆನ್ನು ಅಲ್ಲೇ ನಿಂತಿತು. ನಡುವಿನ ಸಂಖ್ಯೆ ಐವತ್ತು, ಬಂದದ್ದು ನಲವತ್ತೆಂಟು.

ಹಳೆಯ ಪ್ರಶ್ನೆಪತ್ರಿಕೆ ಹುಡುಕಿ ಸೈಕಲ್ ಲೆಕ್ಕ ಮಾಡಿದೆ. ಗುಡ್ಡ ಮೂವತ್ತು ಕಿಲೋಮೀಟರ್ ಇದ್ದರೆ ಹತ್ತಲು ಮೂರು ಗಂಟೆ, ಇಳಿಯಲು ಎರಡು. ಐದು ಗಂಟೆಗೆ ಅರವತ್ತು. ಹನ್ನೆರಡು. ಹನ್ನೆರಡೂವರೆ ಅಲ್ಲ, ಹನ್ನೆರಡು. ಮೂರು ಸಲ ಮಾಡಿದೆ. ನಾಲ್ಕನೇ ಸಲ ಮಾಡಲು ಹೊರಟವಳು ನನಗೇ ಅಸಹ್ಯವಾಗಿ ಬಿಟ್ಟೆ. ಹತ್ತುವಾಗ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ನಿಧಾನದ ವೇಗಕ್ಕೇ ತೂಕ ಹೆಚ್ಚು. ಅವಳು ಮೇಜಿನ ಮುಂದೆ ನಿಂತು ಹೇಳಲು ಹೊರಟದ್ದು ಇದನ್ನೇ, ಅರ್ಧಕ್ಕೆ ಬಾಯಿ ಮುಚ್ಚಿಸಿದವಳು ನಾನು. ಅವಳ ಮನೆ ಗುಡ್ಡದ ಮೇಲಿದೆ, ದಿನಾ ಸೈಕಲ್ಲಿನಲ್ಲಿ ಬರುತ್ತಾಳೆ.

ಇದು ಗೊತ್ತಿಲ್ಲದ ಲೆಕ್ಕವೇ ನನಗೆ? ಕಾಲೇಜಿನಲ್ಲಿ ಇದನ್ನೇ ಕೇಳಿ ನಮ್ಮನ್ನು ಬೇಸ್ತು ಬೀಳಿಸುತ್ತಿದ್ದರು. ನಾನು ಲೆಕ್ಕ ನೋಡಿಯೇ ಇರಲಿಲ್ಲ, ಡಾಕ್ಟರ ಮಗಳ ಪತ್ರಿಕೆ ನೋಡಿದ್ದೆ. ಆಮೇಲೆ ಅದೇ ತಪ್ಪನ್ನು ಬೋರ್ಡಿನ ಮೇಲೆ ಬರೆಸಿ ನಲವತ್ತಮೂರು ಮಕ್ಕಳ ತಲೆಗೆ ತುಂಬಿಸಿದೆ. ನಮ್ಮವರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟು, "ಮೊದಲನೇ ಕರಡು ತಪ್ಪಿದ್ರೆ ಸಾವಿರ ಪ್ರತೀನೂ ತಪ್ಪೇ" ಎಂದರು. ಉಪದೇಶ ಬೇಡ ಎಂದೆ.

ಮಧ್ಯಾಹ್ನ ಕಟ್ಟು ಬಿಚ್ಚಿದೆ. ಚೀಟಿಯಮ್ಮ ಮೂಲೆಗಳನ್ನೆಲ್ಲ ಮಡಚಿ ಪಿನ್ ಹೊಡೆದಿದ್ದಳು. ಮುಂದಿನ ಎರಡು ಬೆಂಚಿನವರ ಅಕ್ಷರವನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಉಳಿದ ಮೂವತ್ತು ಪತ್ರಿಕೆ ಯಾರದ್ದೆಂದು ನನಗೆ ಗೊತ್ತಾಗಲಿಲ್ಲ. ಒಂದೂ ಗೊತ್ತಾಗಲಿಲ್ಲ.

ಲಾರಿ ಲೆಕ್ಕಕ್ಕೆ ಮೂವತ್ತಾರು ಮಕ್ಕಳು ಐವತ್ತು ಎಂದು ಬರೆದಿದ್ದಾರೆ, ಅಂದವಾಗಿ, ಕೆಳಗೆ ಎರಡು ಗೆರೆ ಎಳೆದು. ಉಳಿದವರು ಖಾಲಿ ಬಿಟ್ಟಿದ್ದಾರೆ, ಇಲ್ಲವೇ ಬಾಯಿಗೆ ಬಂದದ್ದು ಬರೆದಿದ್ದಾರೆ. ಆ ಮೂವತ್ತಾರರಲ್ಲಿ ಒಂದು ಪತ್ರಿಕೆಯಲ್ಲಿ ಮೊದಲು ಮೂರು ಗಂಟೆ, ಎರಡು ಗಂಟೆ, ಇನ್ನೂರ ನಲವತ್ತು, ಐದು, ನಲವತ್ತೆಂಟು ಎಂದು ಹಂತ ಹಂತವಾಗಿ ಬರೆದಿತ್ತು. ಈ ಸಲ ದಾರಿಯೆಲ್ಲ ತೋರಿಸಿತ್ತು. ಆಮೇಲೆ ಅಷ್ಟಕ್ಕೂ ಸ್ಕೇಲ್ ಹಿಡಿದು ನೇರ ಗೆರೆ ಎಳೆದು ಹೊಡೆದು ಹಾಕಿ, ಕೆಳಗೆ ಐವತ್ತು ಎಂದು ಬರೆದಿತ್ತು.

ಪಿನ್ನು ಕೀಳುವಾಗ ಬೆರಳಿಗೆ ಚುಚ್ಚಿತು. ಯಾರದ್ದೆಂದು ಬರೆಯಬೇಕಾಗಿಲ್ಲ.

ಜುಲೈ 24, ಸೋಮವಾರ

ಅವಳನ್ನು ಸ್ಟಾಫ್ ರೂಮಿಗೆ ಕರೆದು ಪತ್ರಿಕೆ ತೋರಿಸಿದೆ. "ಇದನ್ನ ಯಾಕೆ ಹೊಡೆದು ಹಾಕಿದೆ? ಅನುಮಾನ ಬಂತಾ?"

"ಇಲ್ಲ ಮಿಸ್."

"ಮತ್ತೆ?"

"ಸರಿ ಯಾವುದು ಅಂತ ಗೊತ್ತಿತ್ತು. ಆದ್ರೆ ಅಂಕ ಬೇಕಿತ್ತು ಮಿಸ್."

ಜುಲೈ 25, ಮಂಗಳವಾರ

ಸುತ್ತೋಲೆಯ ಕೋಣೆಗೆ ಎರಡು ಕಟ್ಟನ್ನೂ ಹೊತ್ತುಕೊಂಡು ಹೋಗಿ ವಿಷಯ ಹೇಳಿದೆ. ಅವರು ಬಾಗಿಲು ಹಾಕಿಸಿದರು.

"ಮೇಡಂ, ಈಗ ಎಲ್ಲರ ಅಂಕ ಕಡಿಮೆ ಮಾಡಿದ್ರೆ ನಾಳೆ ಬೆಳಿಗ್ಗೆ ಗೇಟಿನ ಹತ್ರ ಪೋಷಕರ ದಂಡೇ ಇರತ್ತೆ. ನಿಮ್ಮ ಇಪ್ಪತ್ತಾರು ವರ್ಷ ಮಣ್ಣುಪಾಲು."

"ಆದ್ರೆ ಆ ಹುಡುಗಿ ಸರಿ ಬರ್ದಿದ್ದಾಳೆ ಸರ್. ಹದಿನೆಂಟನೇ ಸ್ಥಾನಕ್ಕೆ ತಳ್ಳಿದ್ದೀನಿ ಅವಳನ್ನ."

"ಯಾರು ಬೇಡ ಅಂದ್ರು? ಹನ್ನೆರಡರ ಜೊತೆ ಹದಿಮೂರನೇ ಸೀಟು ಒಂದು ಸೃಷ್ಟಿ ಮಾಡೋಣ. ಸಮಾನತೆಯ ಸೀಟು! ತರಬೇತಿಯ ಸಮಾರೋಪಕ್ಕೆ ಹೇಳಿ ಮಾಡಿಸಿದ ಹಾಗಿರತ್ತೆ. ಅಂಕಪಟ್ಟಿ ಮುಟ್ಟೋದು ಬೇಡ, ನಿಮ್ಮ ವಿಷಯ ಹೊರಗೆ ಬರೋದೂ ಬೇಡ. ಅವಳಿಗೂ ಒಳ್ಳೇದು, ನಿಮಗೂ ಒಳ್ಳೇದು."

ಕೇಳಿದಾಗ ಬೆನ್ನಿನಿಂದ ಮೂಟೆ ಇಳಿದ ಹಾಗಾಯಿತು. ಒಪ್ಪಿಕೊಂಡೆ. ಹುಡುಗಿಗೆ ಬೇಕಾದದ್ದು ಸೀಟು, ಸಿಕ್ಕಿತಲ್ಲ. ಯಾರಿಗೂ ನಷ್ಟವಿಲ್ಲ. ಸುತ್ತೋಲೆಯ ತಲೆ ಒಮ್ಮೊಮ್ಮೆ ಓಡುತ್ತದೆ.

ಜುಲೈ 28, ಶುಕ್ರವಾರ

ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಹನ್ನೆರಡು ಹೆಸರು ಕಪ್ಪು ಶಾಯಿಯಲ್ಲಿ. ಹದಿಮೂರನೆಯದಕ್ಕೆ ಮಾತ್ರ ಹಸಿರು ಶಾಯಿ, ಸುತ್ತಲೂ ಹೂವಿನ ಚೌಕಟ್ಟು, ಕೆಳಗೆ "ಸಮಾನತೆಯ ಸೀಟು, ತರಬೇತಿಯ ಫಲಶ್ರುತಿ". ಮಗುವಿಗೆ ಹಣೆಪಟ್ಟಿ ಅಂಟಿಸುವುದೆಂದರೆ ಇದೇ ತಾನೆ? ಡ್ರಾಯಿಂಗ್ ಮೇಷ್ಟ್ರು ಚೌಕಟ್ಟು ಬರೆಯಲು ಒಪ್ಪಲಿಲ್ಲವಂತೆ. ಸುತ್ತೋಲೆ ಸ್ವತಃ ಬರೆದಿದ್ದಾರೆ. ನೋಡಿದರೆ ಹೂಕೋಸಿನ ಹಾಗಿದೆ.

ನನಗೆ ನಗು ಬರಲಿಲ್ಲ.

ಜುಲೈ 31, ಸೋಮವಾರ

ತರಗತಿಗೆ ಕಾಲಿಡುವ ಮೊದಲೇ ಒಳಗಿನಿಂದ ಕೇಳಿಸಿತು: "ಏ ಹದಿಮೂರು, ಡಸ್ಟರ್ ಕೊಡೇ." ಅವಳು ಎದ್ದು ಕೊಟ್ಟಳು. ಹಾಗೆ ಕರೆದವಳು ಡಾಕ್ಟರ ಮಗಳಲ್ಲ, ಗೋಡೆ ಸಾಲಿನಲ್ಲಿ ಇವಳ ಪಕ್ಕದಲ್ಲೇ ಕೂರುವವಳು.

ಸಂಜೆ ಎಲ್ಲರೂ ಹೊರಟ ಮೇಲೆ ಹುಡುಗಿಯ ತಾಯಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ನೆಲ ಒರೆಸಲು ಬಂದಿರಬೇಕೆಂದು ನಾನು ಕಾಲು ಎತ್ತಿಕೊಂಡೆ.

"ಟೀಚರಮ್ಮ, ನಮ್ಮ ಹುಡುಗಿ ಹೆಸರು ತೆಗೆದುಬಿಡಿ."

"ಯಾಕೆ? ಸೀಟು ಸಿಕ್ಕಿದೆಯಲ್ಲ?"

"ಅವಳು ಅಲ್ಲಿ ಏನು ಓದಿದ್ರೂ, ಪಾಪ ಅಂತ ಕೊಟ್ಟಿದ್ದು ಅಂತಾರೆ. ನಾನು ಹನ್ನೊಂದು ವರ್ಷದಿಂದ ಈ ನೆಲ ತೊಳೀತಿದ್ದೀನಿ. ಕೆಲಸ ಮಾಡಿ ಸಂಬಳ ತಗೋತೀನಿ. ಪಾಪ ಅಂತ ಯಾರ ಹತ್ರನೂ ಏನೂ ಇಸ್ಕೊಂಡಿಲ್ಲ."

ಕೂತುಕೊಳ್ಳಿ ಎಂದೆ, ಕೂರಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಂಗೆ ಓದು ಬರಲ್ಲ. ಕ್ಲಾಸಲ್ಲಿ ಎಲ್ಲ ನಕ್ರಂತಲ್ಲ, ಆ ಸೈಕಲ್ ಲೆಕ್ಕ ಅವಳು ಮಾಡಿದ್ದು ಸರಿನೋ ತಪ್ಪೋ? ಮನೇಲಿ ಕೇಳಿದ್ರೆ ಸುಮ್ನಿರ್ತಾಳೆ."

"ಸರಿ. ಪೂರ್ತಿ ಸರಿ. ಕ್ಲಾಸಲ್ಲಿ ಅವಳೊಬ್ಬಳದೇ ಸರಿ."

"ಹಾಗಾದ್ರೆ ಅದನ್ನ ಹೇಳಿ ಟೀಚರಮ್ಮ. ಸೀಟು ಬೇಡ, ಅದನ್ನ ಹೇಳಿ ಸಾಕು."

ಅಷ್ಟು ಹೇಳಿ ಅವರು ಬಕೆಟ್ ಎತ್ತಿಕೊಂಡು ಹೋದರು. ಇಷ್ಟು ವರ್ಷ ನನ್ನ ಮೇಜಿನ ಕೆಳಗೆ ಒರೆಸಿದ ಹೆಂಗಸಿನ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಯಿತು, ನಾಚಿಕೆಯಾಯಿತು ಎಂದೇ ಬರೆಯುತ್ತೇನೆ.

ಆಗಸ್ಟ್ 2, ಬುಧವಾರ

ನಮ್ಮವರಿಗೆ ಎಲ್ಲವನ್ನೂ ಹೇಳಿ, ಏನು ಮಾಡಲಿ ಎಂದೆ. "ನಾವಾದ್ರೆ ಪುಸ್ತಕದ ಕೊನೇಲಿ ತಪ್ಪು-ಒಪ್ಪು ಅಂತ ಒಂದು ಹಾಳೆ ಅಂಟಿಸ್ತೀವಿ. ಇಲ್ಲಿವರೆಗೂ ಅದರಿಂದ ಯಾರೂ ಸತ್ತಿಲ್ಲ" ಎಂದರು.

"ನಿಮ್ಮ ಹಾಳೆ ಯಾರು ಓದ್ತಾರೆ? ನನ್ನದನ್ನ ಊರೇ ಓದತ್ತೆ."

"ಒಳ್ಳೇದಾಯ್ತಲ್ಲ, ನಮಗೆ ಆ ಭಾಗ್ಯ ಇಲ್ಲ" ಎಂದು ಮತ್ತೆ ಪೇಪರು ಎತ್ತಿಕೊಂಡರು. ಇಂಥವರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ!

ಆಗಸ್ಟ್ 5, ಶನಿವಾರ

ಸಮಾರೋಪ. ಪೋಷಕರಿಂದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಹುಡುಗಿಯ ದೊಡ್ಡ ಫೋಟೋ, ಅದರ ಸುತ್ತ ಬಣ್ಣದ ಚೀಟಿಗಳು. ಕಾರ್ಯಕ್ರಮ ಶುರುವಾಗುವ ಮೊದಲು ಚೀಟಿಯಮ್ಮನನ್ನು ಪಕ್ಕಕ್ಕೆ ಕರೆದು, ನಾನು ವೇದಿಕೆಯಲ್ಲಿ ಏನು ಹೇಳಲಿದ್ದೇನೆ ಎಂದು ತಿಳಿಸಿದೆ. ಹಂಚಿಕೊಳ್ಳೋಣ, ವೃತ್ತಾಕಾರದಲ್ಲಿ ಕೂರೋಣ ಎಂದೆಲ್ಲ ಶುರು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ವೇದಿಕೆ ಹತ್ತಿ ಫೋಟೋ ಬಿಚ್ಚಿ ಸುರುಳಿ ಸುತ್ತಿದಳು. "ಇದು ನಾನು ಹಾಕ್ಸಿದ್ದಲ್ಲ ಮೇಡಂ" ಎಂದಳು. ಆ ಜಾಗದಲ್ಲಿ ಒಂದು ಖಾಲಿ ಬೋರ್ಡು ತಂದಿಟ್ಟಳು. ಇಷ್ಟು ದಿನದಲ್ಲಿ ಅವಳು ಮಾಡಿದ ಒಂದೇ ಉಪಯೋಗದ ಕೆಲಸ.

ನನ್ನ ಸರದಿ ಬಂದಾಗ ಮೊದಲು ಸೀಮೆಸುಣ್ಣ ಹಿಡಿದೆ. ಸೈಕಲ್ ಲೆಕ್ಕ ಬರೆದೆ, ಮೂರು ಗಂಟೆ, ಎರಡು ಗಂಟೆ, ಅರವತ್ತು, ಐದು, ಹನ್ನೆರಡು. "ಇದು ಸರಿಯುತ್ತರ. ನಲವತ್ತಮೂರು ಮಕ್ಕಳಲ್ಲಿ ಇದನ್ನ ಬರೆದವಳು ಒಬ್ಬಳು. ಅವಳಿಗೆ ನಾನು ಸೊನ್ನೆ ಹಾಕಿದೆ. ಮೇಜಿನ ಹತ್ರ ಬಂದು ಹೇಳಿದಾಗ ಗೇಲಿ ಮಾಡಿ ಕಳಿಸಿದೆ. ನಾನು ಲೆಕ್ಕ ಮಾಡದೆ, ಮೊದಲನೇ ರ್‍ಯಾಂಕಿನ ಪತ್ರಿಕೆ ನೋಡ್ಕೊಂಡು ತಿದ್ದಿದ್ದೆ. ಹದಿಮೂರನೇ ಸೀಟು ಅಂತ ಯಾವುದೂ ಇಲ್ಲ. ಎಲ್ಲರ ಅಂಕ ಮತ್ತೆ ಕೂಡಿಸ್ತೀನಿ, ಬರೋದು ಹನ್ನೆರಡೇ ಹೆಸರು. ಅವಳದು ಅದರಲ್ಲಿ ಇರತ್ತೆ, ಯಾಕಂದ್ರೆ ಲೆಕ್ಕ ಸರಿ ಮಾಡಿದ್ದಾಳೆ."

ಸುತ್ತೋಲೆಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಡಾಕ್ಟರು ಎದ್ದು, "ನಿಮ್ಮ ತಪ್ಪಿಗೆ ನಮ್ಮ ಮಗಳ ಅಂಕ ಹೇಗೆ ಕಡಿಮೆ ಮಾಡ್ತೀರಿ?" ಎಂದು ಜೋರು ಮಾಡಿದರು. ಅವರ ಮಗಳು ತೋಳು ಹಿಡಿದು ಎಳೆದು, "ಅಪ್ಪಾ, ಕೂತ್ಕೊಳಪ್ಪ, ನಂದು ತಪ್ಪೇ" ಎಂದಳು. ಜಾಣೆ ಎಂದು ನಾನು ಅವಳನ್ನು ಹೊಗಳಿದ್ದು ಯಾವುದ್ಯಾವುದಕ್ಕೋ, ಇದಕ್ಕೆ ಹೊಗಳಬೇಕಿತ್ತು. ಹಿಂದಿನಿಂದ ಯಾರೋ, "ಹಾಗಾದ್ರೆ ನಮ್ಮ ಕಾಲದ ಪೇಪರ್‌ಗಳ ಕಥೆ ಏನು ಮಿಸ್?" ಎಂದರು, ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು. ಜನ ನಕ್ಕರು. ನನಗೆ ಗೊತ್ತಿಲ್ಲ ಎಂದೆ.

ಪಟ್ಟಿಯಲ್ಲಿ ಹನ್ನೆರಡನೆಯವನಾಗಿದ್ದ ಹುಡುಗನ ತಾಯಿ ಗಲಾಟೆ ಮಾಡಲಿಲ್ಲ. ಮಗನ ಕೈ ಹಿಡಿದುಕೊಂಡು ಎದ್ದು ಹೋದರು. ಇನ್ನು ಅವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಅವನ ತಪ್ಪೇನು, ಮೇಷ್ಟ್ರಮ್ಮ ಬರೆಸಿದ್ದನ್ನು ನಂಬಿದ, ಅಷ್ಟೇ. ಆ ಮಗುವಿನ ಬೆನ್ನು ಇನ್ನೂ ಕಣ್ಣ ಮುಂದಿದೆ.

ಹುಡುಗಿಯ ತಾಯಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕುರ್ಚಿ ಎತ್ತಿಡಲು ಹೋದರು. ನಾನೂ ಹೋಗಿ ನಾಲ್ಕು ಕುರ್ಚಿ ಎತ್ತಿಟ್ಟೆ. ಬೇಡ ಎನ್ನಲಿಲ್ಲ.

ಆಗಸ್ಟ್ 7, ಸೋಮವಾರ

ಪ್ರಮಾಣಪತ್ರ ಕೈಗೆ ಬಂತು, ಚಿನ್ನದ ಅಂಚು ಬೇರೆ. ಈ ತರಬೇತಿಯಿಂದ ನನಗೆ ಎಳ್ಳಷ್ಟೂ ಉಪಯೋಗವಾಗಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ. ಪಿನ್ನುಗಳ ಡಬ್ಬಿ ಖಾಲಿಯಾಗಿದೆ, ಮುಂದಿನ ಪರೀಕ್ಷೆಗೆ ಮೂಲೆ ಮಡಚಲು ಹೊಸತು ತರಿಸಬೇಕು.

ಬೆಳಿಗ್ಗೆಯಿಂದ ಅಂಕಗಳನ್ನು ಮತ್ತೆ ಕೂಡಿಸಿದೆ. ಒಂದು ವಿಷಯ ಬಗೆಹರಿಯಲಿಲ್ಲ. ಲಾರಿ ಲೆಕ್ಕದಲ್ಲಿ ಐವತ್ತು ಎಂದು ಬರೆದವರಿಗೆಲ್ಲ ಸೊನ್ನೆ. ಅವಳು ಮಾತ್ರ ಮೊದಲು ನಲವತ್ತೆಂಟು ಬರೆದಿದ್ದಳು. ಅದಕ್ಕೆ ಐದು ಅಂಕ ಕೊಟ್ಟರೆ ಪಟ್ಟಿಯಲ್ಲಿ ಆರನೆಯವಳು, ಕೊಡದಿದ್ದರೆ ಹನ್ನೊಂದನೆಯವಳು. ಎರಡರಲ್ಲೂ ಸೀಟಿಗೆ ಮೋಸವಿಲ್ಲ. ಕೊಡಲೇಬೇಕು ಎಂದು ನನ್ನ ಮನಸ್ಸು. ಅವಳನ್ನು ಕರೆಸಿದೆ.

"ಎರಡನೇ ಪರೀಕ್ಷೇಲಿ ನೀನು ಹೊಡೆದು ಹಾಕಿದ್ದೀಯಲ್ಲ, ಅದಕ್ಕೇ ಅಂಕ ಹಾಕ್ತೀನಿ. ಅಲ್ಲಿ ತಪ್ಪು ನಂದು."

"ಬೇಡ ಮಿಸ್. ಅಲ್ಲಿ ನಾನು ಬರ್ದಿದ್ದು ಐವತ್ತು."

"ನಿಂಗೆ ಸರಿಯುತ್ತರ ಗೊತ್ತಿತ್ತಮ್ಮ!"

"ಅದಕ್ಕೇ ಮಿಸ್. ಉಳಿದವರಿಗೆ ಗೊತ್ತಿರ್ಲಿಲ್ಲ, ಬರೆದ್ರು. ನಂಗೆ ಗೊತ್ತಿತ್ತು, ಆದ್ರೂ ಬರ್ದೆ. ಸೊನ್ನೆ ಹಾಕಿ."

ನಾನು ಕೆಂಪು ಪೆನ್ನು ಹಿಡಿದು ಕೂತೇ ಇದ್ದೆ. ಅವಳು ಕದಲಲಿಲ್ಲ, ಪತ್ರಿಕೆಯ ಮೇಲೆ ಕಣ್ಣು ನೆಟ್ಟು ನಿಂತಿದ್ದಳು. ಕೊನೆಗೆ ಸೊನ್ನೆ ಹಾಕಿದೆ. ಅದು ದುಂಡಗೆ ಬರಲಿಲ್ಲ. ನಾನು ಪೆನ್ನು ಕೆಳಗಿಟ್ಟ ಮೇಲೆಯೇ ಅವಳು ತರಗತಿಗೆ ಹೋದದ್ದು.